ಕೂಸು ಮಲಗಿದ ಮೇಲೆ ಬರುವ ಕರೆ: ತಾಯಂದಿರ ಖಿನ್ನತೆಗೆ ಆನ್‌ಲೈನ್ ಚಿಕಿತ್ಸೆ ನಡೆದುಬಂದ ದಾರಿ

ನಮ್ಮಲ್ಲಿ ಬಾಣಂತಿಯ ಮೈಗೆ ಆಗುವ ಆರೈಕೆಗೆ ಕಡಿಮೆಯಿಲ್ಲ. ಎಣ್ಣೆ-ನೀರು, ಕಿವಿಗೆ ಹತ್ತಿ, ಅಂಟಿನುಂಡೆ, ಬೆಚ್ಚಗಿನ ಕೋಣೆ ಎಲ್ಲಕ್ಕೂ ಲೆಕ್ಕವಿದೆ. ಅವಳು ಕಾರಣವಿಲ್ಲದೆ ಅಳುತ್ತಿದ್ದರೆ ಮಾತ್ರ ‘ಇಂಥಾ ಮುದ್ದು ಕೂಸನ್ನ ಮಡಿಲಲ್ಲಿ ಇಟ್ಕೊಂಡು ಅಳ್ತಾರೇನೇ?’ ಎಂದು ಗದರಿ ಸುಮ್ಮನಾಗುತ್ತೇವೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಒಟ್ಟು 20,043 ತಾಯಂದಿರ ಮಾಹಿತಿಯನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರದ ಖಿನ್ನತೆ ಶೇ. 22ರಷ್ಟು ತಾಯಂದಿರಲ್ಲಿ ಇದೆ ಎಂಬುದು ಅದರ ಅಂದಾಜು. ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು.

ಈ ಖಿನ್ನತೆಗೆ ಮಾತಿನ ಚಿಕಿತ್ಸೆ ಕೆಲಸ ಮಾಡುತ್ತದೆ ಎನ್ನುವುದು ಹಳೆಯ ತಿಳಿವಳಿಕೆ. ಆದರೆ ವಾರವಾರ ಆಸ್ಪತ್ರೆಗೆ ಹೋಗಿಬರುವುದು ಎಳೆಮಗುವಿನ ತಾಯಿಗೆ ಆಗದ ಮಾತು. ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಬೇಕು, ದೊಡ್ಡ ಮಗುವನ್ನು ಯಾರಾದರೂ ನೋಡಿಕೊಳ್ಳಬೇಕು, ಬಸ್ಸು ಸಿಗಬೇಕು, ‘ಯಾಕೆ ಹೋಗ್ತಿದೀಯ’ ಎಂಬ ಪ್ರಶ್ನೆಗೆ ಮನೆಯಲ್ಲಿ ಉತ್ತರ ಹೇಳಬೇಕು. ಹಾಲುಣಿಸುವಾಗ ಮಾತ್ರೆ ನುಂಗಬಹುದೇ ಎಂಬ ಅಳುಕು ಬೇರೆ. ಹಾಗಾದರೆ ಚಿಕಿತ್ಸೆಯನ್ನೇ ಮನೆಗೆ ತಂದರೆ ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದ ಸಂಶೋಧನೆ ಕಂಪ್ಯೂಟರಿನ ಪಾಠಗಳಿಂದ ಹೊರಟು, ಅಷ್ಟೇನೂ ಹೊಸದಲ್ಲದ ಒಂದು ಸಾಧನದ ಬಳಿಗೆ ಬಂದು ನಿಂತಿದೆ: ಫೋನ್ ಕರೆ.

ಹತ್ತು ಪ್ರಶ್ನೆಗಳ ಹಾಳೆ

ಎಲ್ಲಕ್ಕೂ ಮೊದಲು ಖಿನ್ನತೆಯನ್ನು ಗುರುತಿಸುವ ಸುಲಭ ಉಪಾಯವೊಂದು ಬೇಕಿತ್ತು. 1987ರಲ್ಲಿ ಜಾನ್ ಕಾಕ್ಸ್, ಜೆನಿಫರ್ ಹೋಲ್ಡನ್ ಮತ್ತು ರೂತ್ ಸಾಗೋವ್‌ಸ್ಕಿ ಸ್ಕಾಟ್ಲೆಂಡಿನಲ್ಲಿ ರೂಪಿಸಿದ ‘ಎಡಿನ್‌ಬರೊ ಮಾಪಕ’ ಆ ಕೊರತೆಯನ್ನು ತುಂಬಿತು. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆ. ಪ್ರತಿಯೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 30.

ನಿದ್ದೆ ಬರುತ್ತದೆಯೇ, ಹಸಿವಾಗುತ್ತದೆಯೇ, ಸುಸ್ತಾಗುತ್ತದೆಯೇ ಎಂದು ಕೇಳುವ ಮಾಮೂಲಿ ಖಿನ್ನತೆ ಪ್ರಶ್ನಾವಳಿ ಬಾಣಂತಿಯ ಮಟ್ಟಿಗೆ ಉಪಯೋಗಕ್ಕೆ ಬಾರದು. ಇವು ಮೂರೂ ಏರುಪೇರಾಗದ ಬಾಣಂತಿ ಎಲ್ಲಿದ್ದಾಳೆ? ಎಡಿನ್‌ಬರೊ ಮಾಪಕ ಹಸಿವು, ಸುಸ್ತುಗಳನ್ನು ಪಕ್ಕಕ್ಕಿಟ್ಟು ನಗು ಬರುತ್ತಿದೆಯೇ, ಸುಮ್ಮಸುಮ್ಮನೆ ತನ್ನನ್ನೇ ದೂರಿಕೊಳ್ಳುತ್ತಿದ್ದಾಳೆಯೇ, ಕಾರಣವಿಲ್ಲದೆ ಗಾಬರಿಯಾಗುತ್ತಿದೆಯೇ ಎಂದು ಕೇಳುತ್ತದೆ. ನಿದ್ದೆಯ ಪ್ರಶ್ನೆಯೂ ಮಗು ಎಬ್ಬಿಸುವುದರ ಕುರಿತಲ್ಲ, ದುಃಖದಿಂದ ನಿದ್ದೆ ಕೆಡುವುದರ ಕುರಿತು. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎನ್ನುವುದು ಹತ್ತನೆಯ ಪ್ರಶ್ನೆ. ಒಟ್ಟು ಅಂಕ ಎಷ್ಟೇ ಇರಲಿ, ಇದಕ್ಕೆ ಹೌದೆಂಬ ಉತ್ತರ ಬಂದರೆ ತಕ್ಷಣ ಗಮನಿಸಬೇಕು. ಕನ್ನಡಕ್ಕೆ ಬಂದ ಈ ಮಾಪಕವನ್ನು ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಬಳಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ರೋಗ ಇದೆಯೆಂದು ತೀರ್ಮಾನಿಸುವುದು ಇದರ ಕೆಲಸವಲ್ಲ, ಯಾರನ್ನು ವಿಚಾರಿಸಬೇಕೆಂದು ತೋರಿಸುವುದಷ್ಟೆ. ಐದೇ ನಿಮಿಷದಲ್ಲಿ ಮುಗಿಯುವುದರಿಂದ ಮುಂದೆ ಫೋನಿನ ಪರದೆಗೂ ಸರಾಗವಾಗಿ ಹೊಂದಿಕೊಂಡಿತು.

ಪಾಠ ಪರದೆಗೆ ಬಂತು

ಅಮೆರಿಕದ ಓರೆಗಾನಿನ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ ಖಿನ್ನತೆಯನ್ನು ಎದುರಿಸುವುದನ್ನು ತರಗತಿಯ ಪಾಠದ ಹಾಗೆ ಹಂತಹಂತವಾಗಿ ಕಲಿಸಬಹುದೆಂದು ತೋರಿಸಿದ್ದರು. ಬೇಸರ ಬಂದಾಗ ಮನುಷ್ಯ ತನಗೆ ಹಿತ ಕೊಡುವ ಕೆಲಸಗಳನ್ನು ಒಂದೊಂದಾಗಿ ಬಿಡುತ್ತಾನೆ. ಬಿಟ್ಟಷ್ಟೂ ಬೇಸರ ಹೆಚ್ಚುತ್ತದೆ. ಆದ್ದರಿಂದ ಮನಸ್ಸು ಸರಿಹೋಗಲೆಂದು ಕಾಯದೆ ಸಣ್ಣಪುಟ್ಟ ಚಟುವಟಿಕೆಗಳಿಂದಲೇ ಶುರುಮಾಡಬೇಕು ಎನ್ನುವುದು ಈ ವಿಧಾನದ ತಿರುಳು. ಮುಂದೆ ಇದು ‘ಬಿಹೇವಿಯರಲ್ ಆಕ್ಟಿವೇಶನ್’ ಎಂಬ ಹೆಸರಿನಲ್ಲಿ ಬೆಳೆಯಿತು. ತಪ್ಪು ಯೋಚನೆಗಳನ್ನು ಗುರುತಿಸಿ ತಿದ್ದಿಕೊಳ್ಳಲು ಕಲಿಸುವ ಸಿಬಿಟಿಯೂ ಹೀಗೆಯೇ ಪಾಠವಾಗಿಸಲು ಅನುಕೂಲವಾದದ್ದು. ಪಾಠವಾಗಬಲ್ಲದ್ದು ಪರದೆಗೂ ಬರಬಹುದು. ಆಸ್ಟ್ರೇಲಿಯಾದ ‘ಮೂಡ್‌ಜಿಮ್’ ಎಂಬ ಸಿಬಿಟಿ ಜಾಲತಾಣ 2001ರಲ್ಲಿ ಬಂತು. 2007ರ ಹೊತ್ತಿಗೆ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಇಂಟರ್‌ನೆಟ್ ಮೂಲಕವೇ ಚಿಕಿತ್ಸೆ ನೀಡುವ ಸರ್ಕಾರಿ ಚಿಕಿತ್ಸಾಲಯ ತೆರೆಯಿತು. ಆದರೆ ಇವು ಯಾವುವೂ ಎಳೆಮಕ್ಕಳ ತಾಯಂದಿರಿಗೆಂದು ಮಾಡಿದವಲ್ಲ.

ತಾಯಂದಿರನ್ನೇ ಗುರಿಯಾಗಿಟ್ಟ ಪ್ರಯತ್ನಗಳು 2010ರ ದಶಕದಲ್ಲಿ ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಬ್ರಿಟನ್ನಿನ ‘ನೆಟ್‌ಮಮ್ಸ್’ ಪ್ರಯೋಗದ ಕಥೆ ಹೆಚ್ಚು ಕಲಿಸುವಂಥದ್ದು. ಎಕ್ಸೆಟರ್ ವಿಶ್ವವಿದ್ಯಾಲಯದ ಹೆದರ್ ಒಮಾಹೆನ್ ತಂಡ ಈ ತಾಯಂದಿರ ಜಾಲತಾಣದ ಮೂಲಕ 910 ಮಂದಿಯನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಪಾಠಗಳು ಪರದೆಯಲ್ಲಿದ್ದವು, ಆದರೆ ವಾರವಾರ ಫೋನ್ ಮಾಡಿ ವಿಚಾರಿಸುವವರಿರಲಿಲ್ಲ. ಕೊನೆಯವರೆಗೆ ಉಳಿದವರಿಗೆ ಗುಣ ಕಂಡಿತು. ಆದರೆ ಹದಿನೈದನೆಯ ವಾರದ ಪ್ರಶ್ನೆಗಳಿಗೆ ಉತ್ತರಿಸಿದವರು 343 ಮಂದಿ ಮಾತ್ರ.

ಅದೇ ತಂಡ ಮರುವರ್ಷ ಇನ್ನೊಂದು ಪ್ರಯೋಗದ ವರದಿ ಕೊಟ್ಟಿತು. ಈ ಬಾರಿ 83 ತಾಯಂದಿರು. ಅದೇ ಬಗೆಯ ಪಾಠಗಳು, ಜೊತೆಗೆ ವಾರಕ್ಕೊಂದು ಫೋನ್ ಕರೆ. ಚಿಕಿತ್ಸೆ ಪಡೆದವರ ಖಿನ್ನತೆ ಗಣನೀಯವಾಗಿ ಇಳಿಯಿತು, ಆರು ತಿಂಗಳ ನಂತರವೂ ಆ ವ್ಯತ್ಯಾಸ ಉಳಿದಿತ್ತು. ವರದಿಯೊಳಗಿನ ಒಂದು ಲೆಕ್ಕ ಗಮನಿಸುವಂಥದ್ದು. ತಾಯಂದಿರು ಸರಾಸರಿಯಲ್ಲಿ 12 ಪಾಠಗಳಲ್ಲಿ ಐದನ್ನು ಮುಗಿಸಿದ್ದರು, ಆದರೆ 12 ಕರೆಗಳಲ್ಲಿ ಎಂಟಕ್ಕೆ ಮಾತಾಡಿದ್ದರು. ಪಾಠ ಬಿಟ್ಟುಹೋದಷ್ಟು ಕರೆ ತಪ್ಪಲಿಲ್ಲ. ನೌಕರಿಗೆ ಹೋಗುವವರು ಮತ್ತು ಮನೆಯಲ್ಲಿ ಆಸರೆ ಕಡಿಮೆ ಇದ್ದವರು ಇನ್ನೂ ಕಡಿಮೆ ಪಾಠ ಮುಗಿಸಿದ್ದರು.

ಆ ಕರೆಯಲ್ಲಿ ಏನು ನಡೆಯುತ್ತದೆ? ಒಂದು ವಾರ ತಾಯಿ ತನ್ನ ದಿನವನ್ನು ಗಂಟೆಗಂಟೆಗೆ ಬರೆದು, ಪಕ್ಕದಲ್ಲಿ ಆಗಿನ ಮನಸ್ಥಿತಿಗೆ ಅಂಕ ಹಾಕುತ್ತಾಳೆ ಎಂದುಕೊಳ್ಳಿ. ಹನ್ನೊಂದರಿಂದ ನಾಲ್ಕರವರೆಗೆ ಕೂಸು, ಪಾತ್ರೆ, ಮೊಬೈಲು, ಅಂಕ ಎರಡು. ಸಂಜೆ ಪಕ್ಕದ ಮನೆಯಾಕೆ ಬಂದು ಮಾತಾಡಿದಾಗ ಐದು. ಹಾಗಾದರೆ ನಾಳೆ ಮಧ್ಯಾಹ್ನ ಕೂಸನ್ನೆತ್ತಿಕೊಂಡು ಹತ್ತು ನಿಮಿಷ ತಾರಸಿಗೆ ಹೋಗುವುದೆಂದು ಇಬ್ಬರೂ ಸೇರಿ ಗೊತ್ತುಮಾಡುತ್ತಾರೆ. ಮುಂದಿನ ವಾರ ‘ಆಗಲಿಲ್ಲ ಮೇಡಂ, ಮಗು ಮಲಗಲೇ ಇಲ್ಲ’ ಎಂದರೆ ಕರೆ ಮಾಡಿದಾಕೆ ಬೈಯುವುದಿಲ್ಲ. ಏನು ಅಡ್ಡ ಬಂತೆಂದು ಕೇಳಿ, ಹತ್ತನ್ನು ಐದು ನಿಮಿಷಕ್ಕಿಳಿಸುತ್ತಾಳೆ. ಪರದೆಯ ಪಾಠಕ್ಕೆ ಈ ಕೊಸರು ಲೆಕ್ಕ ಬಾರದು.

ಇದೇ ಅವಧಿಯಲ್ಲಿ ಓರೆಗಾನಿನ ಲೀಸಾ ಶೀಬರ್ ತಂಡ ‘ಮಾಮ್-ನೆಟ್’ ರೂಪಿಸಿತು. ಬಡ ಕುಟುಂಬಗಳ ಮಕ್ಕಳಿಗಾಗಿ ಅಮೆರಿಕ ಸರ್ಕಾರ ನಡೆಸುವ ‘ಹೆಡ್ ಸ್ಟಾರ್ಟ್’ ಶಿಶುಕೇಂದ್ರಗಳಿಗೆ ಬರುವ ಮಕ್ಕಳ 70 ತಾಯಂದಿರು ಅದರ ಮೊದಲ ಪ್ರಯೋಗದಲ್ಲಿದ್ದರು. 2012ರಲ್ಲಿ ಬಂದ ವರದಿಯಂತೆ ನಡುವೆ ಬಿಟ್ಟುಹೋದವರು ಕಡಿಮೆ. ಇಲ್ಲಿಯೂ ಫೋನ್ ಮಾಡುವ ಮಾರ್ಗದರ್ಶಕಿಯರಿದ್ದರು. ಖಿನ್ನತೆ ಇಳಿದದ್ದಲ್ಲದೆ, ತಾಯಂದಿರು ಮಕ್ಕಳೊಂದಿಗೆ ನಡೆದುಕೊಳ್ಳುವ ರೀತಿಯೂ ಸುಧಾರಿಸಿತ್ತು. ಮೆಲ್ಬರ್ನಿನ ಜೆನೆಟ್ ಮಿಲ್‌ಗ್ರೋಮ್ ಮತ್ತು ಓರೆಗಾನಿನ ಸಂಶೋಧಕರು ಸೇರಿ ಮಾಡಿದ ‘ಮಮ್‌ಮೂಡ್‌ಬೂಸ್ಟರ್’ನಲ್ಲಿ ಆರು ಪಾಠ, ಜೊತೆಗೆ ಫೋನ್ ಕರೆ ಇದ್ದವು, ಗಂಡನಿಗೆಂದೇ ಪ್ರತ್ಯೇಕ ಪುಟಗಳಿದ್ದವು. 2021ರಲ್ಲಿ ವರದಿಯಾದ, 116 ತಾಯಂದಿರನ್ನು ಒಳಗೊಂಡ ಪ್ರಯೋಗದಲ್ಲಿ ಇದು ಎದುರುಬದುರು ಕುಳಿತು ಮಾಡುವ ಚಿಕಿತ್ಸೆಗೆ ಕಡಿಮೆಯಿಲ್ಲವೆಂದು ಕಂಡುಬಂತು.

ಕರೆ ಮಾಡುವವರು ಯಾರಿರಬೇಕು?

ಇದಕ್ಕೆ ಉತ್ತರ ಬಂದದ್ದು ದಕ್ಷಿಣ ಏಷ್ಯಾದ ಹಳ್ಳಿಗಳಿಂದ, ಅದೂ ಇಂಟರ್‌ನೆಟ್ ಇಲ್ಲದೆ. ಆತಿಫ್ ರೆಹಮಾನ್ ತಂಡ ಪಾಕಿಸ್ತಾನದ ರಾವಲ್ಪಿಂಡಿ ಭಾಗದಲ್ಲಿ, ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಸಿಬಿಟಿಯ ಸರಳ ರೂಪವನ್ನು ಕಲಿಸಿತು. 903 ತಾಯಂದಿರಲ್ಲಿ ಮಾಡಿ ನೋಡಿದ ಇದರ ವರದಿ 2008ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಕೂಸಿಗೆ ಆರು ತಿಂಗಳಾದಾಗ ಚಿಕಿತ್ಸೆ ಪಡೆದವರಲ್ಲಿ ಶೇ. 23 ಮಂದಿಗೆ, ಪಡೆಯದವರಲ್ಲಿ ಶೇ. 53 ಮಂದಿಗೆ ಖಿನ್ನತೆ ಉಳಿದಿತ್ತು. ಚಿಕಿತ್ಸೆ ಪಡೆಯದವರ ಮನೆಗೂ ಕಾರ್ಯಕರ್ತೆಯರು ಅಷ್ಟೇ ಸಲ ಹೋಗಿದ್ದರು. ಅವರಿಗೆ ಆ ತರಬೇತಿ ಇರಲಿಲ್ಲ, ಅಷ್ಟೆ. ಯಾರೋ ಬಂದು ಮಾತಾಡಿಸಿದರೆ ಸಾಕು ಎನ್ನುವಂತಿಲ್ಲ. ಏನು ಕೇಳಬೇಕು, ಏನು ಮಾಡಿಸಬೇಕು ಎಂಬ ಕಲಿಕೆಯೂ ಬೇಕು. ಬ್ರಿಟನ್ ಕಲಿಸಿದ ಪಾಠದ ಇನ್ನೊಂದು ಮಗ್ಗುಲು ಇದು. ಮುಂದೆ ಇದೇ ಕಾರ್ಯಕ್ರಮ ಗೋವಾಕ್ಕೆ ಬಂದಾಗ ಊರಿನ ಸಾಮಾನ್ಯ ಹೆಂಗಸರೇ ‘ಸಖಿ’ಯರಾಗಿ ಚಿಕಿತ್ಸೆ ಕೊಟ್ಟರು. ಆ ವರದಿ 2019ರಲ್ಲಿ ಪ್ರಕಟವಾಯಿತು.

ಕೋವಿಡ್ ಬಂದ ಮೇಲೆ ಪರದೆಯ ಚಿಕಿತ್ಸೆ, ತಜ್ಞರಲ್ಲದವರ ಚಿಕಿತ್ಸೆ ಎಂಬ ಈ ಎರಡೂ ದಾರಿಗಳು ಕೂಡಿದವು. ಕೆನಡಾದ ಒಂಟಾರಿಯೊದಲ್ಲಿ ಒಂದೇ ದಿನದ ಆನ್‌ಲೈನ್ ಸಿಬಿಟಿ ಕಾರ್ಯಾಗಾರ 403 ತಾಯಂದಿರ ಪ್ರಯೋಗದಲ್ಲಿ ಫಲ ಕೊಟ್ಟಿತು. ಡೇಸಿ ಸಿಂಗ್ಲಾ ನೇತೃತ್ವದಲ್ಲಿ ಕೆನಡಾ ಮತ್ತು ಅಮೆರಿಕದಲ್ಲಿ ನಡೆದ ‘ಸಮಿಟ್’ ಪ್ರಯೋಗದ ಫಲಿತಾಂಶ 2025ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂತು. 1,230 ಗರ್ಭಿಣಿಯರು ಮತ್ತು ಬಾಣಂತಿಯರಿಗೆ ಬಿಹೇವಿಯರಲ್ ಆಕ್ಟಿವೇಶನ್ ಚಿಕಿತ್ಸೆ. ಕೆಲವರಿಗೆ ತಜ್ಞರಿಂದ, ಕೆಲವರಿಗೆ ತರಬೇತಾದ ನರ್ಸು, ಸೂಲಗಿತ್ತಿಯರಿಂದ. ಕೆಲವರಿಗೆ ಮುಖಾಮುಖಿ, ಕೆಲವರಿಗೆ ವಿಡಿಯೊದಲ್ಲಿ. ತಜ್ಞರಲ್ಲದವರು ಕೊಟ್ಟದ್ದೂ ವಿಡಿಯೊದಲ್ಲಿ ಕೊಟ್ಟದ್ದೂ ಕಡಿಮೆ ಬೀಳಲಿಲ್ಲ.

ಆ್ಯಪು, ಚಾಟ್‌ಬಾಟು

ಮನುಷ್ಯರ ಕರೆಯೇ ಬೇಡವೆನ್ನುವ ದಾರಿಯೂ ತೆರೆದಿದೆ. ಬೆಂಗಳೂರಿನಲ್ಲಿ ಹುಟ್ಟಿದ ‘ವೈಸಾ’ ಚಾಟ್‌ಬಾಟ್ ಬಳಸಿದ ತಾಯಂದಿರ ಅನುಭವದ ಕುರಿತ ಅಧ್ಯಯನ 2023ರಲ್ಲಿ ಬಂದಿದೆ. ‘ಮಾಮಾಲಿಫ್ಟ್ ಪ್ಲಸ್’ ಎಂಬ ಆ್ಯಪಿಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿದೆ. ಅಲ್ಲಿ ವೈದ್ಯರು ಇದನ್ನು ಚೀಟಿಯಲ್ಲಿ ಬರೆದುಕೊಡಬಹುದು. ಇನ್ನೊಂದು ಕಡೆ, ಹೆರಿಗೆ ನಂತರದ ಖಿನ್ನತೆಗೂ ಮದ್ದಾಗಲು ಹೊರಟಿದ್ದ ‘ವೋಬಾಟ್’ ಚಾಟ್‌ಬಾಟ್ 2025ರಲ್ಲಿ ಬಾಗಿಲು ಹಾಕಿತು. ರಾತ್ರಿ ಎರಡು ಗಂಟೆಗೆ ಹಾಲೂಡಿಸುತ್ತ ಕುಳಿತವಳಿಗೆ ಆ ಹೊತ್ತಿನಲ್ಲಿ ಉತ್ತರಿಸುವ ಆ್ಯಪು ಆಸರೆಯೇ ಸರಿ. ಆದರೆ ಅವಳು ಮೂರು ವಾರ ಅದನ್ನು ತೆರೆಯದಿದ್ದರೆ ಮನೆಗೆ ಬಂದು ವಿಚಾರಿಸಲು ಅದಕ್ಕೆ ಆಗುವುದಿಲ್ಲ.

ನಮ್ಮಲ್ಲಿ ಎಲ್ಲಿಗೆ ಬಂದಿದೆ?

ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಶೇಷ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. 2020ರ ಮಾರ್ಗಸೂಚಿಗಳು ಫೋನ್, ವಿಡಿಯೊ ಮೂಲಕ ವೈದ್ಯರು ಸಲಹೆ ನೀಡಲು ಅಧಿಕೃತ ದಾರಿ ಮಾಡಿಕೊಟ್ಟವು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಆದರೆ ಮೊದಲ ಕರೆಯನ್ನು ತಾಯಿಯೇ ಮಾಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಮ್ಮದೇ ಬಳಕೆಗೆ ಮೊಬೈಲ್ ಇರುವ ಹೆಂಗಸರು ಶೇ. 54, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ಶೇ. 33. ಗಂಡನ ಫೋನಿನಲ್ಲಿ, ಅತ್ತೆ ಕೂತಿರುವ ಪಡಸಾಲೆಯಲ್ಲಿ ‘ನನಗೆ ಬದುಕು ಬೇಡವಾಗಿದೆ’ ಎನ್ನುವುದು ಹೇಗೆ? ‘ನನಗೆ ಖಿನ್ನತೆ ಇದೆ’ ಎಂದು ತಾನೇ ಗುರುತಿಸಿ ನಂಬರು ಒತ್ತುವ ಶಕ್ತಿಯನ್ನೂ ಈ ರೋಗವೇ ಕಿತ್ತುಕೊಂಡಿರುತ್ತದೆ.

ಇಲ್ಲಿ ಹೊಸದಾಗಿ ಕಟ್ಟಬೇಕಾದದ್ದು ಬಹಳವಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ, ಆಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಮೂರು ತಿಂಗಳಿಗೊಮ್ಮೆ ಹೋಗಬೇಕೆಂಬ ನಿಯಮ ಈಗಲೇ ಇದೆ. ಕೂಸಿನ ತೂಕ ನೋಡುವ ಆ ಭೇಟಿಯಲ್ಲಿ ಹತ್ತು ಪ್ರಶ್ನೆ ಕೇಳಿ, ಅಂಕ ಹೆಚ್ಚಿದ್ದವರ ಒಪ್ಪಿಗೆ ಪಡೆದು, ಯಾವ ಹೊತ್ತಿಗೆ ಯಾರ ಫೋನಿಗೆ ಮಾಡಿದರೆ ನಿರಾಳವಾಗಿ ಮಾತಾಡಬಹುದೆಂದು ಬರೆದುಕೊಂಡರೆ, ತರಬೇತಾದ ಆಪ್ತಸಮಾಲೋಚಕಿ ಅಲ್ಲಿಂದ ಮುಂದೆ ವಾರಕ್ಕೊಮ್ಮೆ ತಾನೇ ಕರೆ ಮಾಡಬಹುದು. ಈಗಾಗಲೇ ಹತ್ತಾರು ಕೆಲಸ ಹೊತ್ತ ಆಶಾಗೆ ಇದಕ್ಕೆ ಪ್ರತ್ಯೇಕ ಸಂಭಾವನೆ ಕೊಡಲೇಬೇಕು.

ಎಲ್ಲ ತೊಂದರೆಗೂ ಫೋನು ಸಾಲದು. ಹೆರಿಗೆಯಾದ ಮೊದಲ ದಿನಗಳ ಅಳು ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೂ ಇಳಿಯದ್ದನ್ನು ವಿಚಾರಿಸಬೇಕು. ಇಲ್ಲದ್ದು ಕಾಣುವುದು, ಕೇಳಿಸುವುದು, ದಿನಗಟ್ಟಲೆ ನಿದ್ದೆಯೇ ಬಾರದಿರುವುದು, ಮಗುವಿಗೋ ತನಗೋ ಹಾನಿ ಮಾಡುವ ಮಾತು ಬಂದರೆ ಅದು ಸನ್ನಿಯ ಲಕ್ಷಣವಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ಬಹುಪಾಲು ತಾಯಂದಿರ ಮಟ್ಟಿಗೆ ಏನು ಮಾಡಬೇಕೆಂಬುದು ಈಗ ಗೊತ್ತಿದೆ, ಮಾಡಲು ಕಲಿಯಬಲ್ಲ ಹೆಂಗಸರೂ ಊರೂರಲ್ಲಿದ್ದಾರೆ. ಅವಳು ಕರೆಯಲಿ ಎಂದು ಕಾಯುವ ವ್ಯವಸ್ಥೆಯನ್ನು, ಅವಳನ್ನು ಕರೆಯುವ ವ್ಯವಸ್ಥೆಯಾಗಿ ಬದಲಿಸುವ ತೀರ್ಮಾನ ಸರ್ಕಾರದ್ದು.