ಹೊರಟ ಕುದುರೆ ಮರಳದ ನಾಡು: ಐಸ್‌ಲ್ಯಾಂಡ್

ನಾನು ಈಗ ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಲಾಸ್ ಕೊಲಿನಾಸ್‌ನಲ್ಲಿ. ಡಾಲಸ್ ಪಕ್ಕದ ಇರ್ವಿಂಗ್ ನಗರದ ಒಂದು ಭಾಗ ಇದು. ಇಲ್ಲಿನ ವಿಲಿಯಮ್ಸ್ ಸ್ಕ್ವೇರ್ ಎಂಬಲ್ಲಿ ಒಂಬತ್ತು ಕಂಚಿನ ಕುದುರೆಗಳು ನೀರು ಚಿಮ್ಮಿಸುತ್ತಾ ಓಡುವಂತೆ ನಿಂತಿವೆ. ಶಿಲ್ಪಿ ರಾಬರ್ಟ್ ಗ್ಲೆನ್ ಮಾಡಿದ ಈ ಕುದುರೆಗಳು 1984ರಿಂದ ಅಲ್ಲಿವೆ. ಇವು ಮಸ್ಟ್ಯಾಂಗ್ ಎಂಬ ತಳಿ. ಇವುಗಳ ಪೂರ್ವಜರು ಸ್ಪೇನಿನವರ ಹಡಗುಗಳಲ್ಲಿ ಬಂದು, ತಪ್ಪಿಸಿಕೊಂಡು, ಬಯಲು ಸೇರಿ ಕಾಡುಕುದುರೆಗಳಾದವು. ವಲಸೆ ಬಂದವರ ಊರಿಗೆ ತಕ್ಕ ಗುರುತು ಅಂತ ಅಂದುಕೊಳ್ಳುತ್ತೇನೆ.

ಗಲ್ಫಿನಲ್ಲಿ ಹನ್ನೊಂದು ವರ್ಷ ದುಡಿದು ಇಲ್ಲಿಗೆ ಬಂದವನು ನಾನು. ಈಗಲೂ ಸಂಘದ ಗೆಳೆಯರು ಮರೆತಿಲ್ಲ. "ವಾರ್ಷಿಕ ಸಂಚಿಕೆಗೆ ಏನಾದರೂ ಕೊಡಿ ಅಣ್ಣ, ಅಮೆರಿಕದ ಬಗ್ಗೆ ಬೇಡ, ಅದು ಎಲ್ಲರಿಗೂ ಗೊತ್ತು" ಎಂದು ಫೋನ್ ಬಂತು. ಹಾಗಾದರೆ ಕಳೆದ ವರ್ಷ ಮನೆಯವರ ಜೊತೆ ಆರು ದಿನ ನೋಡಿ ಬಂದ ಐಸ್‌ಲ್ಯಾಂಡ್ ಬಗ್ಗೆ ಬರೆಯೋಣ ಅನ್ನಿಸಿತು. ಬರೆಯಲು ಮುಖ್ಯ ಕಾರಣವೂ ಒಂದು ಕುದುರೆಯೇ. ಅದನ್ನು ಆಮೇಲೆ ಹೇಳುತ್ತೇನೆ.

ಬೆಂಕಿಯ ಮೇಲೆ ಹಿಮ

ಐಸ್‌ಲ್ಯಾಂಡ್ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿರುವ ದ್ವೀಪ ರಾಷ್ಟ್ರ. ವಿಸ್ತೀರ್ಣ ಸುಮಾರು 1,03,000 ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷಕ್ಕೂ ಕಡಿಮೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಸುತ್ತಮುತ್ತ ಇದೆ. ಉಳಿದ ನಾಡು ಬಹುಮಟ್ಟಿಗೆ ಬಯಲು, ಲಾವಾ, ಹಿಮ.

ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು ಇಲ್ಲಿ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ. ಸಮುದ್ರದ ತಳದಲ್ಲಿ ನಡೆಯುವ ಈ ಕೆಲಸ ಇಲ್ಲಿ ನೆಲದ ಮೇಲೇ ಕಾಣುತ್ತದೆ. ಸುಮಾರು 30 ಜೀವಂತ ಜ್ವಾಲಾಮುಖಿ ವ್ಯವಸ್ಥೆಗಳು ಇಲ್ಲಿವೆ. ಅದೇ ನೆಲದ ಹತ್ತನೇ ಒಂದು ಭಾಗ ಹಿಮನದಿಗಳ ಅಡಿಯಲ್ಲಿದೆ. 2010ರ ಏಪ್ರಿಲಿನಲ್ಲಿ ಎಯಾಫ್ಯಾಟ್ಲಯೋಕುಲ್ ಎಂಬ, ಹೇಳಲು ನಾಲಿಗೆ ತೊಡರುವ ಹೆಸರಿನ ಬೆಟ್ಟ ಬೂದಿ ಉಗುಳಿ ಯುರೋಪಿನ ವಿಮಾನಗಳನ್ನೆಲ್ಲ ದಿನಗಟ್ಟಲೆ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. 2023ರ ನವೆಂಬರಿನಲ್ಲಿ ಗ್ರಿಂದಾವಿಕ್ ಎಂಬ ಮೀನುಗಾರರ ಊರನ್ನು ರಾತ್ರೋರಾತ್ರಿ ಖಾಲಿ ಮಾಡಿಸಬೇಕಾಯಿತು.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರಿಗೆ ಅಲ್ಲಿ ಜೋಡಿಸಿಟ್ಟಂತೆ ನಿಂತ ಕಲ್ಲಿನ ಕಂಬಗಳು ಗೊತ್ತು. ಕಾದ ಲಾವಾ ನಿಧಾನಕ್ಕೆ ತಣಿಯುತ್ತಾ ಬಿರಿದಾಗ ಆದ ಕಂಬಗಳು ಅವು. ವಯಸ್ಸು ಸುಮಾರು 8.8 ಕೋಟಿ ವರ್ಷ. ಐಸ್‌ಲ್ಯಾಂಡಿನ ದಕ್ಷಿಣದ ಕರಿಮರಳಿನ ತೀರದಲ್ಲಿ ಅಂಥದೇ ಕಂಬಗಳನ್ನು ಕಂಡಾಗ "ಅಯ್ಯೋ, ಇದು ನಮ್ಮ ಮಲ್ಪೆಯದೇ" ಎಂದು ನನ್ನ ಹೆಂಡತಿ ಕೂಗಿದಳು. ನಮ್ಮಲ್ಲಿ ಆ ಬೆಂಕಿ ಆರಿ ಯುಗಗಳಾದವು. ಅವರಲ್ಲಿ ಇನ್ನೂ ಉರಿಯುತ್ತಿದೆ.

ಹೆಸರಿನಷ್ಟು ಚಳಿ ಇಲ್ಲ

'ಹಿಮದ ನಾಡು' ಎಂಬ ಹೆಸರು ಕೇಳಿ ನಾವು ಎರಡು ಪೆಟ್ಟಿಗೆ ತುಂಬ ಉಣ್ಣೆಬಟ್ಟೆ ಒಯ್ದಿದ್ದೆವು. ಆದರೆ ಬಿಸಿ ಸಮುದ್ರ ಪ್ರವಾಹ ಈ ದ್ವೀಪವನ್ನು ಸುತ್ತುವುದರಿಂದ ರೇಕ್ಯಾವಿಕ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಶೂನ್ಯದ ಆಸುಪಾಸು ಇರುತ್ತದೆ. ಜುಲೈನಲ್ಲಿ 12 ಡಿಗ್ರಿ. ತೊಂದರೆ ಕೊಡುವುದು ಚಳಿಗಿಂತ ಗಾಳಿ. ಕೊಡೆ ಬಿಡಿಸುವ ಮಾತೇ ಇಲ್ಲ. ಇದಕ್ಕೆ ಹೋಲಿಸಿದರೆ, 2021ರ ಫೆಬ್ರುವರಿ 16ರಂದು ಬಿಸಿಲೂರೆನಿಸಿದ ನಮ್ಮ ಡಾಲಸ್‌ನಲ್ಲಿ ಉಷ್ಣಾಂಶ ಮೈನಸ್ 19 ಡಿಗ್ರಿಗೆ ಇಳಿದಿತ್ತು! ಟೆಕ್ಸಾಸಿನಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟು ಹೋಯಿತು. ಎಣ್ಣೆ, ಅನಿಲಕ್ಕೆ ಹೆಸರಾದ ರಾಜ್ಯದಲ್ಲಿ ನಾವು ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದೆವು.

ಬೆಳಕಿನ ಲೆಕ್ಕ ಮಾತ್ರ ವಿಚಿತ್ರ. ಜೂನಿನಲ್ಲಿ ಅಲ್ಲಿ ರಾತ್ರಿ ಎನ್ನುವುದೇ ಇಲ್ಲ. ಡಿಸೆಂಬರಿನಲ್ಲಿ ಹಗಲು ನಾಲ್ಕೇ ಗಂಟೆ. ರಂಜಾನ್ ಜೂನಿನಲ್ಲಿ ಬಂದರೆ ಅಲ್ಲಿನ ಮುಸ್ಲಿಂ ಬಾಂಧವರ ಉಪವಾಸ ಇಪ್ಪತ್ತೊಂದು, ಇಪ್ಪತ್ತೆರಡು ಗಂಟೆಗಳಾಗುತ್ತದೆ. ಗಲ್ಫಿನ ಹದಿನೈದು ಗಂಟೆಯೇ ಕಷ್ಟವೆನ್ನುವ ನಮ್ಮ ಗೆಳೆಯರು ಇದನ್ನೊಮ್ಮೆ ಯೋಚಿಸಲಿ.

ಒಂದೇ ಏಟಿಗೆ ಎರಡು ದಾರಿ

ಈ ದ್ವೀಪಕ್ಕೂ ನಿಮಗೂ ಒಂದು ನಂಟಿದೆ. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ನಂತರ ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ನಾಲ್ಕು ಪಟ್ಟು ಏರಿತು. ಆ ಹಣದಲ್ಲಿ ಗಲ್ಫಿನ ಬಂದರು, ರಸ್ತೆ, ಕಟ್ಟಡಗಳು ಎದ್ದವು. ಅವನ್ನು ಎಬ್ಬಿಸಲು ಕೈಗಳು ಬೇಕಾದವು. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡಿನ ಹುಡುಗರು ಬೊಂಬಾಯಿಗೆ ಹೋಗಿ ಅಲ್ಲಿಂದ ಗಲ್ಫಿಗೆ ಹೊರಟದ್ದು ಆ ಕಾಲದಲ್ಲೇ.

ಅದೇ ಬೆಲೆಯೇರಿಕೆಯಿಂದ ಐಸ್‌ಲ್ಯಾಂಡಿನ ಜನ ಕಂಗಾಲಾದರು. ಆಗ ಅಲ್ಲಿನ ಅರ್ಧದಷ್ಟು ಮನೆಗಳನ್ನು ಬೆಚ್ಚಗಿಡುತ್ತಿದ್ದುದು ಆಮದಾದ ಎಣ್ಣೆ. 1930ರಲ್ಲೇ ರೇಕ್ಯಾವಿಕ್‌ನಲ್ಲಿ ಬಿಸಿನೀರಿನ ಬುಗ್ಗೆಯಿಂದ ಸುಮಾರು 3 ಕಿ.ಮೀ. ಕೊಳವೆ ಎಳೆದು ಒಂದು ಶಾಲೆಯನ್ನೂ ಕೆಲವು ಮನೆಗಳನ್ನೂ ಬೆಚ್ಚಗಿಟ್ಟಿದ್ದರು. ಎಣ್ಣೆ ಕೈಗೆಟುಕದಾದಾಗ ಸರ್ಕಾರ ಅದೇ ದಾರಿ ಹಿಡಿದು ಊರೂರಲ್ಲಿ ನೆಲ ಕೊರೆಸಿತು. ಇಂದು ಹತ್ತರಲ್ಲಿ ಒಂಬತ್ತು ಮನೆಗಳಿಗೆ ಭೂಮಿಯ ಬಿಸಿಯೇ ಸಾಕು. ಒಂದೇ ಬೆಲೆಯೇರಿಕೆ ನಮ್ಮವರನ್ನು ಮನೆ ಬಿಡಿಸಿತು, ಅವರಿಗೆ ಮನೆಯಡಿಯ ಸಂಪತ್ತನ್ನು ತೋರಿಸಿತು.

ಕಾನೂನು ಬಾಯಿಪಾಠ, ಕಥೆ ಕರುವಿನ ಚರ್ಮದಲ್ಲಿ

ಇತಿಹಾಸಕ್ಕೆ ಬರೋಣ. ನಾರ್ವೆಯಿಂದ ಬಂದ ಇಂಗೋಲ್ಫರ್ ಆರ್ನಾರ್ಸನ್ 874ರಲ್ಲಿ ರೇಕ್ಯಾವಿಕ್‌ನಲ್ಲಿ ನೆಲೆಸಿದ ಎಂಬುದು ಅಲ್ಲಿನ ಪರಂಪರೆ. ಬುಗ್ಗೆಗಳ ಆವಿ ಕಂಡು ಇಟ್ಟ ಈ ಹೆಸರಿಗೆ 'ಹೊಗೆಯ ಕೊಲ್ಲಿ' ಎಂದು ಅರ್ಥ. 930ರಲ್ಲಿ ಥಿಂಗ್ವೆಲ್ಲಿರ್ ಎಂಬ ಬಯಲಲ್ಲಿ ನಾಡಿನ ಮುಖಂಡರೆಲ್ಲ ಸೇರಿ 'ಆಲ್ಥಿಂಗ್' ಸಭೆ ಕಟ್ಟಿದರು. ರಾಜನಿರಲಿಲ್ಲ, ಬರೆದಿಟ್ಟ ಕಾನೂನೂ ಇರಲಿಲ್ಲ. ಕಾನೂನು ಬಲ್ಲ ಒಬ್ಬ ಹಿರಿಯ ಬಂಡೆಯ ಮೇಲೆ ನಿಂತು ವರ್ಷಕ್ಕೆ ಮೂರನೇ ಒಂದು ಭಾಗದಂತೆ ಎಲ್ಲವನ್ನೂ ಬಾಯಿಪಾಠ ಒಪ್ಪಿಸಬೇಕಿತ್ತು.

ಬಂದವರು ಒಂದು ತಪ್ಪೂ ಮಾಡಿದರು. ಆಗ ದ್ವೀಪದ ಕಾಲು ಭಾಗಕ್ಕೂ ಮೀರಿ ಬರ್ಚ್ ಮರಗಳ ಕಾಡು, ಪೊದೆ ಇತ್ತಂತೆ. ಸೌದೆಗೆ, ಮನೆಗೆ, ಕುರಿ ಮೇಯಿಸಲಿಕ್ಕೆ ಅದನ್ನು ಕಡಿದು ಮುಗಿಸಿದರು. ಮಣ್ಣು ಗಾಳಿಗೆ ಹಾರಿಹೋಯಿತು. 1907ರಿಂದಲೇ ಸರ್ಕಾರ ಮಣ್ಣು ಉಳಿಸುವ ಕೆಲಸ ಮಾಡುತ್ತಿದ್ದರೂ ಕಾಡು ಈಗಲೂ ನೂರಕ್ಕೆ ಎರಡರಷ್ಟೇ. "ನಮ್ಮ ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕು? ಎದ್ದು ನಿಲ್ಲಬೇಕು" ಎಂದು ಅವರೇ ನಗೆಯಾಡುತ್ತಾರೆ.

1262ರ ಹೊತ್ತಿಗೆ ಒಳಜಗಳದಿಂದ ಸೋತು ನಾರ್ವೆಯ ರಾಜನಿಗೆ ತಲೆಬಾಗಿದರು, ಮುಂದೆ ಡೆನ್ಮಾರ್ಕಿಗೆ. ಆದರೆ ಆ ಜಗಳದ ಕಾಲದಲ್ಲೇ ತಮ್ಮ ಹಿರಿಯರ ಕಥೆಗಳನ್ನು ಸ್ವಂತ ಭಾಷೆಯಲ್ಲಿ ಕರುವಿನ ಚರ್ಮದ ಮೇಲೆ ಬರೆದಿಟ್ಟರು. 'ಸಾಗಾ' ಎಂದು ಲೋಕಪ್ರಸಿದ್ಧವಾದವು ಇವೇ. ಮುಂದಿನ ಶತಮಾನಗಳಲ್ಲಿ ಚಳಿಗಾಲದ ಸಂಜೆ ಮನೆಮಂದಿಯೆಲ್ಲ ಉಣ್ಣೆ ನೂಲುತ್ತಾ, ಹೆಣೆಯುತ್ತಾ ಕೂತಿರುವಾಗ ಒಬ್ಬರು ಇವನ್ನು ಗಟ್ಟಿಯಾಗಿ ಓದುವುದು ವಾಡಿಕೆಯಾಯಿತು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಚಾವಡಿಗಳಲ್ಲಿ ತಾಳಮದ್ದಲೆ, ಮಲೆನಾಡಿನ ಮನೆಗಳಲ್ಲಿ ಭಾರತವಾಚನ ನಡೆದಂತೆಯೇ.

ಮಂಜಿನ ಬರಗಾಲ

1783ರ ಜೂನ್ 8ರಂದು ಲಾಕಿ ಎಂಬಲ್ಲಿ ಸುಮಾರು 27 ಕಿ.ಮೀ. ಉದ್ದಕ್ಕೆ ನೆಲ ಬಿರಿಯಿತು. ಎಂಟು ತಿಂಗಳು ಲಾವಾ ಹರಿಯಿತು. ಸರಿಯಾಗಿ ಆ ತಿಂಗಳುಗಳಲ್ಲೇ ನಮ್ಮಲ್ಲಿ ಟಿಪ್ಪು ಸುಲ್ತಾನ್ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ. ಲಾಕಿಯ ವಿಷಗಾಳಿಯಿಂದ ಹುಲ್ಲು ವಿಷವಾಯಿತು. ಕುರಿಗಳಲ್ಲಿ ಐದಕ್ಕೆ ನಾಲ್ಕು, ದನಗಳಲ್ಲಿ ಅರ್ಧ ಸತ್ತವು. ಹಸಿವಿನಿಂದ, ರೋಗದಿಂದ ಜನರಲ್ಲೂ ಐದನೇ ಒಂದು ಭಾಗ ಹೋಯಿತು. ಅವರು ಇದನ್ನು 'ಮಂಜಿನ ಬರಗಾಲ' ಎನ್ನುತ್ತಾರೆ. ಆ ಹೊಗೆ ಯುರೋಪನ್ನು ಕವಿಯಿತು. ಆಫ್ರಿಕಾದ ಮಳೆಯೂ ಕುಂದಿ ನೈಲ್ ನದಿ ಬತ್ತಿ ಈಜಿಪ್ಟಿನಲ್ಲಿ ಬರ ಬಂದದ್ದಕ್ಕೂ ಇದೇ ಕಾರಣವಿರಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ.

ಮುಂದಿನ ಶತಮಾನದಲ್ಲಿ ಚಳಿ, ಬಡತನ, ಉಳಲು ಜಮೀನಿಲ್ಲದಿರುವುದು ಎಲ್ಲ ಸೇರಿ ಜನ ಊರು ಬಿಡತೊಡಗಿದರು. 1875ರಲ್ಲಿ ಆಸ್ಕ್ಯಾ ಜ್ವಾಲಾಮುಖಿ ಪೂರ್ವದ ಹೊಲಗಳನ್ನು ಬೂದಿಯಲ್ಲಿ ಮುಚ್ಚಿತು. 1870ರಿಂದ 1914ರವರೆಗೆ ಸುಮಾರು 15,000 ಜನ ಅಮೆರಿಕ, ಕೆನಡಾ ಸೇರಿದರು. ಆಗ ದೇಶದ ಒಟ್ಟು ಜನಸಂಖ್ಯೆ ಎಪ್ಪತ್ತು, ಎಂಬತ್ತು ಸಾವಿರದಷ್ಟು. ಕೆನಡಾದ ವಿನಿಪೆಗ್ ಸರೋವರದ ದಡದಲ್ಲಿ ಗಿಮ್ಲಿ ಎಂಬ ಊರು ಕಟ್ಟಿದರು. ಮರುವರ್ಷವೇ ಸಿಡುಬು ಬಂದು ಅನೇಕರು ತೀರಿಕೊಂಡರು. ಆದರೂ 1877ರಲ್ಲಿ ಆ ಕಾಡಿನ ನಡುವೆ ತಮ್ಮ ಭಾಷೆಯ ಪತ್ರಿಕೆ ಹೊರಡಿಸಿದರು. ಹೊಟ್ಟೆಗೆ ಸರಿಯಾಗಿ ಇಲ್ಲದಾಗ ಪತ್ರಿಕೆ! ನಮ್ಮ ಸಂಘದ ಮೊದಲ ಸಂಚಿಕೆಗೆ ಚಂದಾ ಎತ್ತಿದ ಹಿರಿಯರು ಇದನ್ನು ಓದಿ ನಕ್ಕಾರು.

ನಿದ್ರೆ ಬಾರದ ರಾತ್ರಿಗಳು

ಹಾಗೆ ಹೊರಟವರಲ್ಲಿ ಸ್ಟೆಫಾನ್ ಜಿ. ಸ್ಟೆಫಾನ್ಸನ್ ಒಬ್ಬರು. 1853ರಲ್ಲಿ ಹುಟ್ಟಿದ ಅವರು ಶಾಲೆಗೆ ಹೋದವರಲ್ಲ. 1873ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಹೋದರು. ಕೊನೆಗೆ ಕೆನಡಾದ ಆಲ್ಬರ್ಟಾದಲ್ಲಿ ರೈತರಾಗಿ ನೆಲೆಸಿದರು. ಹಗಲೆಲ್ಲ ಹೊಲದ ಕೆಲಸ. ರಾತ್ರಿ ಮಕ್ಕಳು ಮಲಗಿದ ಮೇಲೆ ಐಸ್‌ಲ್ಯಾಂಡಿನ ಭಾಷೆಯಲ್ಲಿ ಕವಿತೆ. ತಮ್ಮ ಕವಿತೆಗಳಿಗೆ ಅವರು ಇಟ್ಟ ಹೆಸರು 'ಆಂದ್ವೋಕುರ್', ಅಂದರೆ ನಿದ್ರೆ ಬಾರದ ರಾತ್ರಿಗಳು. ಅದರ ಮೊದಲ ಸಂಪುಟಗಳು 1909-10ರಲ್ಲಿ ಅಚ್ಚಾದದ್ದು ಅವರಂತೆಯೇ ವಲಸೆ ಬಂದು ದುಡಿಯುತ್ತಿದ್ದವರು ಕೂಡಿಸಿದ ಹಣದಿಂದ. 1917ರಲ್ಲಿ ತಾಯ್ನಾಡು ಅವರನ್ನು ಅತಿಥಿಯಾಗಿ ಕರೆಸಿಕೊಂಡಿತು. ಬಿಟ್ಟು 44 ವರ್ಷವಾಗಿತ್ತು. ಊರೂರು ಸುತ್ತಿ ಬಂದರು. ಮತ್ತೆ ಆಲ್ಬರ್ಟಾಕ್ಕೇ ಮರಳಿ, 1927ರಲ್ಲಿ ಅಲ್ಲಿಯೇ ತೀರಿಕೊಂಡರು. ಇಂದು ಅವರು ಆ ಭಾಷೆಯ ದೊಡ್ಡ ಕವಿಗಳಲ್ಲಿ ಒಬ್ಬರು.

ಡ್ಯೂಟಿ ಮುಗಿಸಿ, ಎಂಟು ಮಂಚದ ಕೋಣೆಯಲ್ಲಿ ಮೊಬೈಲಿನ ಬೆಳಕಲ್ಲಿ ಕವಿತೆ ಗೀಚುತ್ತಿದ್ದ ಗೆಳೆಯರನ್ನು ನಾನು ಬಲ್ಲೆ. ಅವರಿಗಾಗಿಯೇ ಈ ಮಾತು ಬರೆದೆ.

ಐಸ್‌ಲ್ಯಾಂಡ್ 1944ರ ಜೂನ್ 17ರಂದು ಅದೇ ಥಿಂಗ್ವೆಲ್ಲಿರ್ ಬಯಲಲ್ಲಿ ಗಣರಾಜ್ಯವಾಯಿತು. ಡೆನ್ಮಾರ್ಕಿನಲ್ಲಿದ್ದ ಹಸ್ತಪ್ರತಿಗಳನ್ನು ಕೇಳಿ ಪಡೆಯಿತು. 1971ರ ಏಪ್ರಿಲ್ 21ರಂದು ಮೊದಲ ಎರಡು ಪುಸ್ತಕಗಳು ಡೆನ್ಮಾರ್ಕಿನ ನೌಕಾಪಡೆಯ ಹಡಗಿನಲ್ಲಿ ಬಂದಾಗ ಬಂದರಿನಲ್ಲಿ ಜನಸಾಗರವೇ ಸೇರಿತ್ತು. ಅವರು ಹೊಸ ವಸ್ತುಗಳಿಗೆ ಸ್ವಂತ ಪದ ಕಟ್ಟುತ್ತಾರೆ. ಕಂಪ್ಯೂಟರಿಗೆ 'ತೋಲ್ವಾ', ಅಂದರೆ ಅಂಕಿ ಹೇಳುವ ಕಣಿಗಾರ್ತಿ. ಫೋನಿಗೆ 'ಸೀಮಿ', ದಾರಕ್ಕಿದ್ದ ಹಳೆಯ ಪದ. ನಮ್ಮ ಗಣಕ, ದೂರವಾಣಿ ಬೋರ್ಡುಗಳಲ್ಲೇ ಉಳಿದವು. ಅವರ ಪದಗಳು ಸಂತೆಯಲ್ಲೂ ಓಡಾಡುತ್ತವೆ.

ಆದರೆ ಇನ್ನೊಂದು ಸತ್ಯವನ್ನೂ ಹೇಳಬೇಕು. ಕೆನಡಾದಲ್ಲಿ ಅವರ ಎರಡು ಹಳೆಯ ಪತ್ರಿಕೆಗಳು 1959ರಲ್ಲಿ ಒಂದಾದವು. ಆ ಪತ್ರಿಕೆ ವಿನಿಪೆಗ್‌ನಿಂದ ಈಗಲೂ ಬರುತ್ತಿದೆ, ಬಹುಪಾಲು ಇಂಗ್ಲಿಷಿನಲ್ಲಿ. ನೆಲದಲ್ಲಿ ಉಳಿದ ನುಡಿ, ವಲಸೆ ಬಂದವರ ಮೊಮ್ಮಕ್ಕಳ ಬಾಯಲ್ಲಿ ಉಳಿಯಲಿಲ್ಲ.

ಕುದುರೆಯ ಮಾತು

ಈಗ ಆ ಕುದುರೆ. ವೈಕಿಂಗರ ದೋಣಿಯಲ್ಲಿ ಬಂದ ಗಿಡ್ಡ, ಗಟ್ಟಿ ತಳಿ. ರೋಗ ಬಾರದಿರಲೆಂದು ಸುಮಾರು ಸಾವಿರ ವರ್ಷಗಳಿಂದ ಹೊರಗಿನ ಕುದುರೆಯನ್ನು ಅವರು ಒಳಗೆ ಬಿಟ್ಟಿಲ್ಲ. ಒಮ್ಮೆ ದೇಶ ಬಿಟ್ಟ ಅವರದೇ ಕುದುರೆಗೂ ಒಳಗೆ ಪ್ರವೇಶವಿಲ್ಲ. ಹೊರದೇಶದ ಸ್ಪರ್ಧೆಗೆ ಕುದುರೆ ಒಯ್ದ ಸವಾರ ಅದನ್ನು ಅಲ್ಲೇ ಮಾರಿ ಒಬ್ಬನೇ ಮರಳಬೇಕು. ಲಾಯದ ಹುಡುಗಿ ಇದನ್ನು ಹೇಳಿದಾಗ ನನ್ನ ಮಗಳು, "ಅಪ್ಪಾ, ನಾವೂ ಹಾಗೇನಾ?" ಎಂದಳು. "ಇಲ್ಲ ಮಗಾ, ನಮಗೆ ಪಾಸ್‌ಪೋರ್ಟ್ ಇದೆ" ಎಂದು ನಕ್ಕುಬಿಟ್ಟೆ. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಅವಳು ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಕಲಿಸಲು ನನಗೆ ಪುರುಸೊತ್ತಾಗಲಿಲ್ಲ ಎಂಬುದು ನೆಪ. ಸಂಪಾದಕರೇ, ಸಂಚಿಕೆ ಅಚ್ಚಾದ ಮೇಲೆ ಎರಡು ಪ್ರತಿ ಕಳಿಸಿಕೊಡಿ. ಈ ಚಳಿಗಾಲದ ಸಂಜೆಗಳಲ್ಲಿ ಇದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಇನ್ನೊಂದು ಪ್ರತಿ ಅವಳ ಕೈಯಲ್ಲಿರಲಿ, ಅಕ್ಷರದ ಮೇಲೆ ಬೆರಳಿಟ್ಟು ನೋಡಲಿ.