ಶ್ರೇಷ್ಠರ ಆಯ್ಕೆ: ಕಲ್ಯಾಣದ ಮಲ್ಲವಿನೋದದಿಂದ ಖೇಲ್ ರತ್ನದವರೆಗೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಸುಮಾರು 1129ರಲ್ಲಿ ರಚನೆಯಾದ ಸಂಸ್ಕೃತ ಗ್ರಂಥ. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಿರುವ ಈ ಕೃತಿ ರಾಜನೀತಿಯಿಂದ ಅಡುಗೆಯವರೆಗೆ ಅರಮನೆಯ ಬದುಕನ್ನೆಲ್ಲ ವಿವರಿಸುತ್ತದೆ. ಅದರ ‘ಮಲ್ಲವಿನೋದ’ ಎಂಬ ಭಾಗ ಕುಸ್ತಿಗೆ ಮೀಸಲು. ಮಲ್ಲರನ್ನು ವಯಸ್ಸು, ಮೈಕಟ್ಟು ಮತ್ತು ಬಲ ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ದರ್ಜೆಗಳಾಗಿ ವಿಂಗಡಿಸುವ ಕ್ರಮ ಅಲ್ಲಿದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಿಹಿ ಪದಾರ್ಥಗಳನ್ನು ಒದಗಿಸುವ ಹೊಣೆ ಅರಸನದು. ಅವರು ಮಾಡಬೇಕಾದ ವ್ಯಾಯಾಮಗಳೂ ಹಿಡಿಯುವ ಪಟ್ಟುಗಳೂ ಹೆಸರಿನೊಂದಿಗೆ ದಾಖಲಾಗಿವೆ. ಕನ್ನಡ ನಾಡಿನಲ್ಲಿ ಕ್ರೀಡಾಪಟುಗಳ ಶ್ರೇಷ್ಠತೆಗೆ ಬರವಣಿಗೆಯಲ್ಲಿ ಅಳತೆಗೋಲು ಹಾಕಿದ ಅತಿ ಹಳೆಯ ಪ್ರಯತ್ನಗಳಲ್ಲಿ ಇದೂ ಒಂದು. ಸೋಮೇಶ್ವರನ ರಾಜಧಾನಿ ಕಲ್ಯಾಣವೇ ಇಂದಿನ ಬಸವಕಲ್ಯಾಣ, ಬೀದರ ಜಿಲ್ಲೆಯ ತಾಲ್ಲೂಕು ಕೇಂದ್ರ.

ಗ್ರಂಥದ ಒಂದು ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ಆಯುಧ ಹಿಡಿದ ದ್ವಂದ್ವಕ್ಕೆ ಅಂಕವಿನೋದ, ಕುದುರೆಯೇರಿ ಚೆಂಡಾಡುವುದಕ್ಕೆ ವಾಜಿವಾಹ್ಯಾಳಿ ವಿನೋದ, ಆನೆಗಳ ಆಟಕ್ಕೆ ಮತ್ತೊಂದು ಎಂದು ಅಧ್ಯಾಯಗಳು ಬೇರೆ ಬೇರೆಯಾಗಿವೆ. ಮಲ್ಲರ ನಡುವೆ ಹಿರಿಕಿರಿತನ ಉಂಟು. ಆದರೆ ಮಲ್ಲನನ್ನೂ ಸವಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಇಬ್ಬರಲ್ಲಿ ದೊಡ್ಡವರಾರು ಎಂದು ಕೇಳುವ ಪದ್ಧತಿ ಅಲ್ಲಿಲ್ಲ. ದರ್ಜೆಯ ಉದ್ದೇಶವೇ ಸಮಬಲದ ಜೋಡಿಯನ್ನು ಅಖಾಡಕ್ಕೆ ಇಳಿಸುವುದಾಗಿದ್ದರೆ ಆ ಪ್ರಶ್ನೆ ಏಳುವುದೂ ಇಲ್ಲ. ಎಲ್ಲ ಕ್ರೀಡೆಗಳ, ಎಲ್ಲ ಕಾಲದ ಶ್ರೇಷ್ಠರನ್ನು ಒಂದೇ ಪಟ್ಟಿಗೆ ತರುವ ಹಂಬಲ ಬಹಳ ಈಚಿನದು. ಅದು ಪತ್ರಿಕೆ, ದಾಖಲೆ ಪುಸ್ತಕ ಮತ್ತು ಸರ್ಕಾರಿ ಪ್ರಶಸ್ತಿಗಳ ಕಾಲದಲ್ಲಿ ಬೆಳೆಯಿತು.

ಜ್ಯೇಷ್ಠಿಕ ಎಂಬ ಪದದ ನಂಟು ಮೈಸೂರಿನ ಜಟ್ಟಿಗಳಲ್ಲಿ ಇಂದಿಗೂ ಉಳಿದಿದೆ. ದಸರೆಯ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ಅವರ ವಜ್ರಮುಷ್ಟಿ ಕಾಳಗ ಎದುರಾಳಿಯ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ಇದು ಆಚರಣೆಯ ಕುಸ್ತಿ, ಬಿರುದಿಗಾಗಿ ಆಡುವುದಲ್ಲ. ಬೀದರ, ಕಲಬುರಗಿ ಸೀಮೆಯ ಜಾತ್ರೆಗಳ ಜಂಗಿ ಕುಸ್ತಿ ಬೇರೆ ಬಗೆಯದು. ಬಸವಕಲ್ಯಾಣ, ಹುಮನಾಬಾದ್ ಸುತ್ತಿನ ಹಳ್ಳಿಗಳಲ್ಲಿ ಹಲಗೆಯ ಬಡಿತದ ನಡುವೆ ಎಳೆಯ ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಆಟ ಶುರುವಾಗುತ್ತದೆ. ಪಂದ್ಯದಿಂದ ಪಂದ್ಯಕ್ಕೆ ಇನಾಮು ಏರುತ್ತ ಹೋಗುತ್ತದೆ. ಕಡೆಯ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದ ಪೈಲ್ವಾನನಿಗೆ ಬೆಳ್ಳಿ ಕಡಗ. ಜೋಡಿ ಹಚ್ಚುವವರು ಊರಿನ ಹಿರಿಯರು ಮತ್ತು ತಾಲೀಮಿನ ವಸ್ತಾದರು. ತೂಕದ ಯಂತ್ರದ ಬದಲು ಅವರ ಕಣ್ಣಂದಾಜೇ ನಡೆಯುತ್ತದೆ. ಎರಡೂ ಕಡೆಯ ಜನ ಆ ಜೋಡಿಯನ್ನು ಒಪ್ಪಬೇಕು. ಇಲ್ಲಿ ಶ್ರೇಷ್ಠತೆ ಎಂಬುದು ಆ ಜಾತ್ರೆಗೆ, ಆ ಮಣ್ಣಿಗೆ, ಆ ದಿನಕ್ಕೆ ಸೀಮಿತ. ಮುಂದಿನ ವರ್ಷ ಕಡಗ ಮತ್ತೊಬ್ಬನ ಕೈಗೆ ಹೋಗಬಹುದು, ಅದರಿಂದ ಹಿಂದಿನವನ ಹೆಸರಿಗೆ ಕುಂದಿಲ್ಲ. ಸೀಮಿತವಾದ್ದರಿಂದಲೇ ಈ ತೀರ್ಪು ಪ್ರಾಮಾಣಿಕ: ನೋಡಿದ್ದಕ್ಕಿಂತ ಹೆಚ್ಚಿನದನ್ನು ಅದು ಹೇಳಹೊರಡುವುದಿಲ್ಲ.

ಊರಿನಾಚೆಗೆ ಬಿರುದನ್ನು ಒಯ್ದವು ‘ಕೇಸರಿ’ ಪಟ್ಟಗಳು. 1958ರಲ್ಲಿ ಆರಂಭವಾದ ಹಿಂದ್ ಕೇಸರಿ ಪಟ್ಟವನ್ನು ಮರುವರ್ಷ ಗೆದ್ದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ಸೀಮೆಯ ಎಕ್ಸಂಬಾದಲ್ಲಿ ಹುಟ್ಟಿ ಕೊಲ್ಹಾಪುರದಲ್ಲಿ ಬೆಳೆದವರು. ಅವರನ್ನು ಮಹಾರಾಷ್ಟ್ರ ತನ್ನವರೆಂದು ಎಣಿಸಿತು, ಕರ್ನಾಟಕವೂ ನೆನೆಯಿತು. ಗಡಿಸೀಮೆಯ ಪೈಲ್ವಾನರನ್ನು ಒಂದು ರಾಜ್ಯದ ಪಟ್ಟಿಗೆ ಸೇರಿಸುವಾಗಲೇ ಇಷ್ಟು ತೊಡಕಿದೆ.

ಬೇರೆ ಬೇರೆ ಆಟಗಳನ್ನು ಒಂದೇ ಲೆಕ್ಕಕ್ಕೆ ತರುವ ವ್ಯವಸ್ಥಿತ ಪ್ರಯತ್ನವೊಂದು ಅಥ್ಲೆಟಿಕ್ಸ್ ಒಳಗೇ ನಡೆಯಿತು. ಹತ್ತು ಸ್ಪರ್ಧೆಗಳ ಡೆಕಾಥ್ಲಾನ್‌ನಲ್ಲಿ ಓಟದ ಸೆಕೆಂಡು, ಜಿಗಿತದ ಸೆಂಟಿಮೀಟರು, ಎಸೆತದ ಮೀಟರು ಎಲ್ಲವನ್ನೂ ಅಂಕಕ್ಕೆ ತಿರುಗಿಸುವ ಕೋಷ್ಟಕವಿದೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಡೆಕಾಥ್ಲಾನ್ ಮತ್ತು ಪೆಂಟಾಥ್ಲಾನ್ ಎರಡನ್ನೂ ಗೆದ್ದ ಜಿಮ್ ಥೋರ್ಪ್‌ರನ್ನು 1950ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಅರ್ಧ ಶತಮಾನದ ಶ್ರೇಷ್ಠ ಕ್ರೀಡಾಪಟು ಎಂದು ಆರಿಸಿತು. ಕೋಷ್ಟಕ ಕಾಲಕಾಲಕ್ಕೆ ಬದಲಾಗಿದೆ. ಈಗ ಬಳಕೆಯಲ್ಲಿರುವುದು 1985ರದು. ಕೋಷ್ಟಕ ಬದಲಾದಾಗ ಹಳೆಯ ಸಾಧನೆಗಳ ಬೆಲೆಯೂ ಬದಲಾಗುತ್ತದೆ.

ಶತಮಾನದ ಕೊನೆಯಲ್ಲಿ ಇಂಥ ಆಯ್ಕೆಗಳ ಸುಗ್ಗಿಯೇ ಬಂತು. 1999ರಲ್ಲಿ ಬಿಬಿಸಿಯ ಮತದಾರರು ಮುಹಮ್ಮದ್ ಅಲಿಯನ್ನು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕಾರ್ಲ್ ಲೂಯಿಸ್‌ರನ್ನು, ಅಸೋಸಿಯೇಟೆಡ್ ಪ್ರೆಸ್ ಬೇಸ್‌ಬಾಲ್‌ನ ಬೇಬ್ ರೂತ್‌ರನ್ನು ಆರಿಸಿದವು. ಉತ್ತರ ಅಮೆರಿಕಕ್ಕೆ ಸೀಮಿತವಾಗಿದ್ದ ಇಎಸ್‌ಪಿಎನ್ ಪಟ್ಟಿಯಲ್ಲಿ ಮೈಕಲ್ ಜೋರ್ಡನ್ ಮೊದಲಿಗರು. ಅದರ 35ನೆಯ ಸ್ಥಾನ ಸೆಕ್ರೆಟೇರಿಯಟ್ ಎಂಬ ರೇಸ್ ಕುದುರೆಗೆ ಹೋಯಿತು. ಮರುವರ್ಷ ಫಿಫಾ ನಡೆಸಿದ ಆಯ್ಕೆಯಲ್ಲಿ ಅಂತರ್ಜಾಲದ ಮತ ಮರಡೋನಾಗೆ, ತಜ್ಞರ ಮತ ಪೆಲೆಗೆ ಬಿದ್ದು ಗೌರವವನ್ನು ಇಬ್ಬರಿಗೂ ಕೊಡಬೇಕಾಯಿತು. 2000ದಲ್ಲಿ ವಿಸ್ಡನ್ ಶತಮಾನದ ಐವರು ಕ್ರಿಕೆಟಿಗರನ್ನು ಆರಿಸಿದಾಗ ಮಾತ್ರ ನೂರು ಮತದಾರರಲ್ಲಿ ನೂರೂ ಮಂದಿ ಡಾನ್ ಬ್ರಾಡ್‌ಮನ್ ಹೆಸರು ಬರೆದರು. ಒಂದೇ ಆಟದೊಳಗೆ ಸಾಧ್ಯವಾದ ಆ ಒಮ್ಮತ ಆಟಗಳ ನಡುವಿನ ಯಾವ ಆಯ್ಕೆಯಲ್ಲೂ ಕಾಣಲಿಲ್ಲ.

ಮತದಾನವನ್ನು ಬಿಟ್ಟು ಗಣಿತವನ್ನು ನಂಬಿದವರೂ ಇದ್ದಾರೆ. ಆಸ್ಟ್ರೇಲಿಯದ ಚಾರ್ಲ್ಸ್ ಡೇವಿಸ್ ಒಬ್ಬ ಆಟಗಾರ ತನ್ನ ಆಟದ ಸರಾಸರಿಯಿಂದ ಎಷ್ಟು ‘ಮಾನಕ ವಿಚಲನೆ’ಯಷ್ಟು ಮೇಲಿದ್ದಾನೆ ಎಂದು ಲೆಕ್ಕ ಹಾಕಿದರು. ಟೆಸ್ಟ್‌ನಲ್ಲಿ 99.94 ಸರಾಸರಿಯ ಬ್ರಾಡ್‌ಮನ್‌ಗೆ 4.4, ಪೆಲೆಗೆ 3.7, ಜೋರ್ಡನ್‌ಗೆ 3.4 ಬಂತು. ವಿಧಾನ ಅಚ್ಚುಕಟ್ಟಾಗಿದೆ. ಆದರೆ ಪ್ರತಿ ಪಂದ್ಯದ ಅಂಕಿ ಬರೆದಿಟ್ಟ ಆಟಗಳಿಗೆ ಮಾತ್ರ ಅದು ಒಗ್ಗುತ್ತದೆ. ಮಣ್ಣಿನ ಕುಸ್ತಿ, ಗುಂಡು ಎತ್ತುವುದು, ಹಳ್ಳಿಯ ಕಬಡ್ಡಿ ಇವುಗಳಿಗೆ ಸರಾಸರಿಯೇ ಇಲ್ಲದಿರುವಾಗ ವಿಚಲನೆ ಎಲ್ಲಿಂದ ಬರಬೇಕು?

ಕರ್ನಾಟಕದ ಶ್ರೇಷ್ಠರನ್ನು ಆರಿಸಹೊರಟರೆ ಈ ತೊಡಕುಗಳೆಲ್ಲ ಮುಂದೆ ಬರುತ್ತವೆ. ಪ್ರಕಾಶ್ ಪಡುಕೋಣೆ 1971ರಿಂದ 1979ರವರೆಗೆ ಸತತ ಒಂಬತ್ತು ಬಾರಿ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಕಾಮನ್‌ವೆಲ್ತ್ ಚಿನ್ನ, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ. ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್ ಪದಕದ ಆಟವಾದದ್ದು 1992ರಲ್ಲಿ. ಹಾಗಾಗಿ ಒಲಿಂಪಿಕ್ ಪದಕವನ್ನೇ ಮಾನದಂಡ ಮಾಡಿದರೆ ಅವರಿಗೆ ಸಿಗುವುದು ಸೊನ್ನೆ, ಅದೂ ಅವರ ಯಾವ ಕೊರತೆಯೂ ಇಲ್ಲದೆ. ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಎರಡರಲ್ಲೂ ಸೇರಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದಿದ್ದಾರೆ. ಬಿರುದುಗಳ ಎಣಿಕೆಯಲ್ಲಿ ಅವರ ಹತ್ತಿರ ಬರುವವರು ವಿರಳ, ಆದರೆ ಅವರ ಆಟ ಒಲಿಂಪಿಕ್ಸ್‌ನಲ್ಲಿಲ್ಲ. ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಿದರು. ಮಹಿಳಾ ಕ್ರಿಕೆಟ್‌ನಲ್ಲಿ ಭಾರತದ ಪರ ಮೊದಲ ಟೆಸ್ಟ್ ಶತಕ ಹೊಡೆದ, ಕ್ರಿಕೆಟ್‌ಗಾಗಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳೆ ಶಾಂತಾ ರಂಗಸ್ವಾಮಿ ಅವರಿಗೆ ಆಡಲು ಸಿಕ್ಕಿದ್ದು 16 ಟೆಸ್ಟ್ ಮಾತ್ರ. ಒಟ್ಟು ರನ್ನಿನ ತಕ್ಕಡಿಯಲ್ಲಿ ಇಬ್ಬರನ್ನು ತೂಗಿದರೆ ಪ್ರತಿಭೆಯ ಬದಲು ಅವಕಾಶವೇ ತೂಗಿಸಿಕೊಳ್ಳುತ್ತದೆ. ಇದು ಅನ್ಯಾಯದ ಅಳತೆ, ಹಾಗೆಂದು ಸ್ಪಷ್ಟವಾಗಿಯೇ ಹೇಳಬೇಕು.

ಒಂದು ಜೀವಮಾನವನ್ನು ಅಳೆಯಬೇಕೋ ಒಂದು ದಿನವನ್ನೋ ಎಂಬುದೂ ತೀರ್ಮಾನವಾಗದ ವಿಷಯ. ಅನಿಲ್ ಕುಂಬ್ಳೆ ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದವರು, 1999ರಲ್ಲಿ ದೆಹಲಿಯಲ್ಲಿ ಒಂದೇ ಇನಿಂಗ್ಸ್‌ನ ಹತ್ತೂ ವಿಕೆಟ್ ಕಬಳಿಸಿದವರು. ಆದರೂ 2002ರಲ್ಲಿ ವಿಸ್ಡನ್ ಭಾರತೀಯರ ಶತಮಾನದ ಶ್ರೇಷ್ಠ ಬೌಲಿಂಗ್ ಎಂದು ಆರಿಸಿದ್ದು ಬಿ.ಎಸ್. ಚಂದ್ರಶೇಖರ್ 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ ಪಡೆದ 6 ವಿಕೆಟ್‌ಗಳನ್ನು. ಆ ಆರು ವಿಕೆಟ್‌ಗಳಿಂದ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಬಾರಿ ಸರಣಿ ಗೆದ್ದಿತು. ಸಂಖ್ಯೆಯಲ್ಲಿ ಕಡಿಮೆಯಾದದ್ದು ಸಂದರ್ಭದ ಬಲದಿಂದ ಮೇಲೇರಿತು, ಮತ್ತು ಆ ಆಯ್ಕೆ ಸರಿಯಾದುದೇ.

ಬೇರೆ ಬೇರೆ ಆಟಗಳ ಹೋಲಿಕೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2020ರ ಫೆಬ್ರುವರಿಯ ಐಕಳ ಕಂಬಳ ಸಾಕ್ಷಿ. ಅಲ್ಲಿ ಶ್ರೀನಿವಾಸ ಗೌಡ ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್‌ರ 9.58ಕ್ಕಿಂತ ವೇಗ ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು, ಗೌಡರು ಹೋಗಲಿಲ್ಲ. ಕೆಸರಿನ ಕರೆಯಲ್ಲಿ ಓಟಗಾರನನ್ನು ಕೋಣಗಳು ಮುಂದಕ್ಕೆ ಸೆಳೆಯುತ್ತವೆ, ಟ್ರ್ಯಾಕಿನಲ್ಲಿ ಆ ಸೆಳೆತವಿಲ್ಲ. ಟ್ರ್ಯಾಕಿನ ಓಟಗಾರನಿಗೆ ಕೋಣಗಳ ವೇಗಕ್ಕೆ ಹೆಜ್ಜೆ ಕೂಡಿಸಬೇಕಾದ ಕೆಲಸವೂ ಇಲ್ಲ. ಕಂಬಳದ ಓಟಗಾರನ ಹಿರಿಮೆಯನ್ನು ಕಂಬಳದ ಕರೆಯಲ್ಲೇ ನೋಡಬೇಕು. ಬೋಲ್ಟ್ ಹೆಸರಿನ ಬೆಂಬಲ ಅದಕ್ಕೆ ಬೇಕಿರಲಿಲ್ಲ.

ಸರ್ಕಾರದ ಪ್ರಶಸ್ತಿಗಳಲ್ಲಿ ಈ ಹೋಲಿಕೆ ಅನಿವಾರ್ಯವಾಯಿತು. ಅರ್ಜುನ ಪ್ರಶಸ್ತಿ 1961ರಲ್ಲಿ ಶುರುವಾದಾಗ ಆಟಕ್ಕೊಬ್ಬರನ್ನು ಆರಿಸುವ ಅವಕಾಶವಿತ್ತು. 1991–92ರಲ್ಲಿ ಬಂದ ಖೇಲ್ ರತ್ನ ಎಲ್ಲ ಆಟಗಳ ಸಾಧಕರನ್ನು ಒಂದೇ ಗೌರವಕ್ಕೆ ಎದುರುಬದುರು ನಿಲ್ಲಿಸಿತು. ಮೊದಲ ಬಾರಿ ಅದು ಚೆಸ್‌ನ ವಿಶ್ವನಾಥನ್ ಆನಂದ್‌ಗೆ ಸಂದಿತು. ಆಯ್ಕೆಯಲ್ಲಿ ಪಕ್ಷಪಾತದ ದೂರು ತಪ್ಪಿಸಲು ಮುಂದೆ ಅಂಕಪಟ್ಟಿ ಬಂತು: ಒಲಿಂಪಿಕ್ಸ್ ಅಥವಾ ಪ್ಯಾರಾಲಿಂಪಿಕ್ಸ್ ಚಿನ್ನಕ್ಕೆ 80, ಬೆಳ್ಳಿಗೆ 70, ಕಂಚಿಗೆ 55, ಏಷ್ಯನ್ ಕ್ರೀಡಾಕೂಟದ ಪದಕಗಳಿಗೆ ಅದಕ್ಕಿಂತ ಕಡಿಮೆ. 2015ರಲ್ಲಿ ಪ್ರಶಸ್ತಿಗೆ ಸಾನಿಯಾ ಮಿರ್ಜಾ ಹೆಸರು ಪ್ರಕಟವಾದಾಗ ಹಾಸನ ಜಿಲ್ಲೆಯ ಹೈಜಂಪ್ ಪಟು ಎಚ್.ಎನ್. ಗಿರೀಶ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದಿದ್ದ ಅವರು ಅಂಕಪಟ್ಟಿಯಂತೆ ತಮಗೆ 90 ಅಂಕ ಬರುತ್ತದೆ, ಅದೇ ಅತಿ ಹೆಚ್ಚು ಎಂದು ವಾದಿಸಿದರು. ಕೋರ್ಟು ನೋಟಿಸ್ ಕೊಟ್ಟಿತು. ಆದರೂ ಆಗಸ್ಟ್ 29ರಂದು ರಾಷ್ಟ್ರಪತಿ ಭವನದಲ್ಲಿ ಸಾನಿಯಾ ಪ್ರಶಸ್ತಿ ಸ್ವೀಕರಿಸಿದರು. ಟೆನಿಸ್‌ನ ಹಿರಿಮೆ ಇರುವುದು ಗ್ರ್ಯಾಂಡ್ ಸ್ಲ್ಯಾಮ್‌ಗಳಲ್ಲಿ, ಪ್ಯಾರಾ ಅಥ್ಲೆಟಿಕ್ಸ್‌ನ ಹಿರಿಮೆ ಪ್ಯಾರಾಲಿಂಪಿಕ್ಸ್‌ನಲ್ಲಿ. ಎರಡಕ್ಕೂ ಒಂದೇ ವಿನಿಮಯ ದರ ಗೊತ್ತುಮಾಡಿದ ದಿನವೇ ಈ ವ್ಯಾಜ್ಯದ ಬೀಜ ಬಿದ್ದಿತ್ತು.

ಕರ್ನಾಟಕ ಸರ್ಕಾರ ಏಕಲವ್ಯ ಪ್ರಶಸ್ತಿಯ ಜೊತೆಗೆ ಕುಸ್ತಿ, ಕಂಬಳ, ಗುಂಡು ಎತ್ತುವುದು, ಮಲ್ಲಕಂಬದಂಥ ದೇಸಿ ಆಟಗಳಿಗೆ ಕ್ರೀಡಾರತ್ನ ಪ್ರಶಸ್ತಿಯನ್ನು ಪ್ರತ್ಯೇಕವಾಗಿ ಇಟ್ಟಿದೆ. ಒಲಿಂಪಿಕ್ ಪದಕದ ಲೆಕ್ಕಕ್ಕೆ ಸಿಗದ ಆಟಗಾರರು ಇದರಿಂದ ದಾಖಲೆಗೆ ಬಂದರು. ಬೀದರ ಸೀಮೆಯ ಹಿಂದಿನ ಪೈಲ್ವಾನರ ಮಟ್ಟಿಗೆ ಕೆಲಸ ಇನ್ನೂ ಬಾಕಿಯಿದೆ. 1948ರವರೆಗೆ ಬಸವಕಲ್ಯಾಣ, ಹುಮನಾಬಾದ್ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಂದಿನ ಕರ್ನಾಟಕವಾದ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು, ತಾಲೀಮುಗಳ ನಂಟು ಹೈದರಾಬಾದ್ ಮತ್ತು ಮರಾಠಿ ಸೀಮೆಗಳೊಂದಿಗೆ. ಈ ಭಾಗದ ಮಲ್ಲರನ್ನು ನಾಡಿನ ಶ್ರೇಷ್ಠರ ಸಾಲಿಗೆ ತರಬೇಕಾದರೆ ಸಂಶೋಧಕರು ಉರ್ದು ಮತ್ತು ಮರಾಠಿ ಕಡತಗಳನ್ನು, ಜಾತ್ರಾ ಸಮಿತಿಗಳ ಇನಾಮಿನ ಲೆಕ್ಕಗಳನ್ನು, ತಾಲೀಮು ಮನೆಗಳ ಗೋಡೆಯ ಮೇಲಿನ ಹಳೆಯ ಪಟಗಳನ್ನು ಕನ್ನಡದ ಆಕರಗಳ ಜೊತೆಗಿಟ್ಟು ಓದಬೇಕಾಗುತ್ತದೆ.