ಕಡತದಿಂದ ಸ್ಲೈಡಿಗೆ: ಬರೆದು ಅಳಿಸುವುದರ ಒಂದು ಚರಿತ್ರೆ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆಂದು ನಾನು ಅಕ್ಷರಮಾಲೆಯ ಸ್ಲೈಡುಗಳನ್ನು ಅಂದವಾಗಿ ಮಾಡಿಕೊಂಡು ಹೋಗಿದ್ದೆ. ಪರದೆಯ ಮೇಲೆ ದೊಡ್ಡದಾಗಿ 'ಅ' ಮೂಡಿತು. ಏಳು ವರ್ಷದ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಇದನ್ನ ಎಲ್ಲಿಂದ ಶುರು ಮಾಡ್ಬೇಕು?" ಅಚ್ಚಾದ ಅಕ್ಷರಕ್ಕೆ ಆರಂಭವೂ ಇಲ್ಲ, ಅಂತ್ಯವೂ ಇಲ್ಲ. ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬಾಣದ ಗುರುತನ್ನು ಪೆನ್ನಾಗಿಸಿಕೊಂಡು, ಅಕ್ಷರದ ಮೇಲೆಯೇ ನಿಧಾನವಾಗಿ ಕೆಂಪು ಗೆರೆ ಎಳೆದೆ. ಮಕ್ಕಳ ಬೆರಳುಗಳು ಗಾಳಿಯಲ್ಲಿ ಅದನ್ನೇ ಬರೆದವು. ತೋರಿಸುವುದಕ್ಕೂ ಬರೆದು ತೋರಿಸುವುದಕ್ಕೂ ಇರುವ ಈ ಅಂತರದ ಹಿಂದೆ ಒಂದು ಉದ್ದನೆಯ ಚರಿತ್ರೆಯಿದೆ.

ಕನ್ನಡ ನಾಡಿನಲ್ಲಿ ಅದರ ಒಂದು ಎಳೆ 'ಕಡತ'. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸುತ್ತಿದ್ದರು. ಶಾನುಭೋಗರೂ ವ್ಯಾಪಾರಿಗಳೂ ಮಠಗಳವರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಜೋಪಾನ ಮಾಡಿದರೆ ತಲೆಮಾರುಗಳ ಕಾಲ ಉಳಿಯುತ್ತದೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಇದನ್ನು ವರ್ಣಿಸಿದ್ದಾನೆ.

ಯುರೋಪಿನಲ್ಲಿ 1659ರ ಹೊತ್ತಿಗೆ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಮಾಯಾದೀಪವನ್ನು ರೂಪಿಸಿದ್ದ. ಗಾಜಿನ ಮೇಲೆ ಬಿಡಿಸಿದ ಚಿತ್ರ ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತಿತ್ತು. ಆದರೆ ಚಿತ್ರವನ್ನು ಮೊದಲೇ ಬಿಡಿಸಿಟ್ಟಿರಬೇಕಿತ್ತು. ಕಪ್ಪುಹಲಗೆಯ ಮೇಲಾದರೋ ಆ ಕ್ಷಣಕ್ಕೆ ಬರೆಯಬಹುದು, ಆದರೆ ಮೇಷ್ಟರು ಮಕ್ಕಳಿಗೆ ಬೆನ್ನು ತಿರುಗಿಸಬೇಕು.

ಈ ಎರಡು ಕೊರತೆಗಳನ್ನೂ ನೀಗಿದ್ದು ಓವರ್‌ಹೆಡ್ ಪ್ರೊಜೆಕ್ಟರ್. ಕೆಳಗೆ ದೀಪ, ಅದರ ಮೇಲೆ ಪಾರದರ್ಶಕ ಹಾಳೆ, ಎತ್ತರದಲ್ಲಿ ಮಸೂರ ಮತ್ತು ಕನ್ನಡಿ. ಸಭೆಗೆ ಮುಖಮಾಡಿ ನಿಂತೇ ಬರೆಯಬಹುದು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇದನ್ನು ತರಬೇತಿಗೆ ಬಳಸಿತು. ಬೌಲಿಂಗ್ ಅಂಗಳಗಳಲ್ಲಿ ಅಂಕ ತೋರಿಸಲೂ ಬಳಕೆಗೆ ಬಂತು. ಆಮೇಲೆ ಶಾಲೆ ಕಾಲೇಜುಗಳನ್ನು ತುಂಬಿತು. 1987ರಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಮೊದಲಾದವರು ತಂದ ಪವರ್‌ಪಾಯಿಂಟಿನ ಮೊದಲ ಆವೃತ್ತಿಯ ಕೆಲಸವೂ ಈ ಪ್ರೊಜೆಕ್ಟರಿಗೆ ಹಾಳೆ ಅಚ್ಚು ಮಾಡಿಕೊಡುವುದೇ ಆಗಿತ್ತು. ಮುಂದೆ ಹಾಳೆಯೇ ಮಾಯವಾಗಿ ಸ್ಲೈಡು ನೇರವಾಗಿ ಪರದೆಗೆ ಬಂತು. ಪೆನ್ನು ತಂತ್ರಾಂಶದೊಳಗೆ ಸೇರಿಕೊಂಡರೂ, ಅದನ್ನು ಕೈಗೆತ್ತಿಕೊಳ್ಳುವ ರೂಢಿ ನಮ್ಮಲ್ಲಿ ಹಲವರಿಗೆ ತಪ್ಪಿತು.

ಇದೇನೂ ಸಣ್ಣ ವಿಷಯವಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಒಡೆದು, ನಮ್ಮ ಕಲ್ಪನಾ ಚಾವ್ಲಾ ಸೇರಿ 7 ಮಂದಿ ತೀರಿಕೊಂಡರು. ಉಡಾವಣೆಯ ವೇಳೆ ಕಳಚಿದ ನೊರೆಯ ತುಂಡೊಂದು ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಬಾಹ್ಯಾಕಾಶದಲ್ಲಿದ್ದಾಗ ತೋರಿಸಲಾದ ಒಂದು ಸ್ಲೈಡಿನ ತಲೆಬರಹ ಧೈರ್ಯ ಹೇಳುವಂತಿತ್ತು. ಆದರೆ ನೊರೆಯ ಗಾತ್ರ 1920 ಘನ ಅಂಗುಲ, ಪರೀಕ್ಷೆಗೆ ಬಳಸಿದ್ದು ಬರೀ 3 ಘನ ಅಂಗುಲ ಎಂಬ ಮಾತು ಅದೇ ಸ್ಲೈಡಿನ ಕೊನೆಯಲ್ಲಿ, ಸಣ್ಣಕ್ಷರದಲ್ಲಿತ್ತು. ಎಡ್ವರ್ಡ್ ಟಫ್ಟಿ ಇದನ್ನು ಬಿಡಿಸಿ ತೋರಿಸಿದರು. ತನಿಖಾ ಮಂಡಳಿಯ ವರದಿಯೂ ಅದನ್ನು ಎತ್ತಿ ಹೇಳಿತು. ಯಾರಾದರೂ ಆ ಸಾಲಿನ ಸುತ್ತ ಒಂದು ಕೆಂಪು ಸುತ್ತು ಹಾಕಿದ್ದರೆ ನೌಕೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಆದರೆ ಪ್ರಶ್ನೆಯಂತೂ ಏಳುತ್ತಿತ್ತು.

ಗೆರೆ ಎಳೆದರಷ್ಟೇ ಸಾಲದು ಎಂಬುದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಹಿಂದೆ ಕೆಲಸಕ್ಕಿದ್ದ ಕಡೆ, ಸಭೆಯೊಂದರಲ್ಲಿ ಲೋಹದ ತಗಡಿನ ದಪ್ಪ 6 ಮಿಲಿಮೀಟರ್ ಎಂದಿದ್ದನ್ನು ಪರದೆಯ ಮೇಲೆಯೇ ಹೊಡೆದುಹಾಕಿ 8 ಎಂದು ತಿದ್ದಿದೆ. ಎಲ್ಲರೂ ಒಪ್ಪಿದರು. ಸ್ಲೈಡು ಮುಚ್ಚುವಾಗ, ಬರೆದದ್ದನ್ನು ಉಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅವಸರದಲ್ಲಿದ್ದೆ, ಬೇಡವೆಂದೆ. ತಯಾರಕರಿಗೆ ಹೋದದ್ದು ಹಳೆಯ ಫೈಲು. ನಲವತ್ತು ತಗಡು ಗುಜರಿಗೆ ಹೋದವು.

ಇಂದು ಕನ್ನಡದಲ್ಲಿ ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ 'ಕಡತ' ಎನ್ನುತ್ತೇವೆ. ಬಟ್ಟೆ ಹೋಗಿ ಹೆಸರು ಉಳಿದಿದೆ. ಬಳಪ ಹಿಡಿದವನು ಯಾವುದನ್ನು ಒರೆಸಬೇಕು, ಯಾವುದನ್ನು ಉಳಿಸಬೇಕು ಎಂದು ತಾನೇ ತೀರ್ಮಾನಿಸಬೇಕಿತ್ತು. ಆ ಹೊಣೆಯೂ ಹೆಸರಿನ ಜೊತೆಗೇ ನಮಗೆ ಬಂದಿದೆ.

ಆ ಭಾನುವಾರ ತರಗತಿ ಮುಗಿದಾಗ ಕಂಪ್ಯೂಟರ್ ಮತ್ತೆ ಅದೇ ಪ್ರಶ್ನೆ ಕೇಳಿತು. ನನ್ನ ಗೆರೆಯ ಪಕ್ಕದಲ್ಲಿ ಆ ಹುಡುಗಿ ಬರೆದ, ಸ್ವಲ್ಪ ಸೊಟ್ಟಗಿನ 'ಅ' ಇತ್ತು. ಈ ಸಲ ಉಳಿಸು ಎಂದೆ.